ಗಲ್ಲಾದ ಹಿಂದೆ ಇದ್ದವರು: ಕಾಸರಗೋಡಿನ ಒಂದು ಡಿಪಾರ್ಟ್‌ಮೆಂಟ್ ಸ್ಟೋರ್ ಸ್ಥಾಪಕರ ಕುಟುಂಬ ಚರಿತ್ರೆ

ಕಾಸರಗೋಡು ಪೇಟೆಯಲ್ಲಿ ಒಂದು ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಇದೆ. ಮೂರು ಅಂತಸ್ತು. ಕೆಳಗೆ ದಿನಸಿ, ಪಾತ್ರೆ. ಮೇಲೆ ಬಟ್ಟೆ. ಅದರ ಮೇಲೆ ಚಪ್ಪಲಿ, ಬ್ಯಾಗು, ಮಕ್ಕಳ ಸಾಮಾನು. ಬೋರ್ಡಿನಲ್ಲಿ ‘1947ರಿಂದ’ ಎಂದು ಬರೆದಿದೆ. 75 ವರ್ಷ ತುಂಬುವ ಹೊತ್ತಿಗೆ ಸ್ಥಾಪಕರ ಕುಟುಂಬ ಚರಿತ್ರೆಯ ಒಂದು ಪುಸ್ತಕ ತರಬೇಕು ಎಂದು ಮನೆಯವರು ಯೋಚಿಸಿದರು. ಸ್ಥಾಪಕರ ಮೊಮ್ಮಗಳು ಅದರ ಜವಾಬ್ದಾರಿ ಹೊತ್ತರು. ಹಳೆಯ ಕಾಗದಪತ್ರ ಓದಲು, ಹಿರಿಯರನ್ನು ಮಾತಾಡಿಸಲು ನಾನು ಜೊತೆಗಿದ್ದೆ.

ಹೆಸರು, ಜಾತಿ, ಬೀದಿ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೀರ್ಮಾನಗಳು ಮಾತ್ರ ಹೇಗೆ ಆದವೋ ಹಾಗೇ ಇವೆ. ಸ್ಥಾಪಕರನ್ನು ‘ಅಜ್ಜ’ ಎಂದೇ ಕರೆಯುತ್ತೇನೆ, ಮನೆಯಲ್ಲಿ ಎಲ್ಲರೂ ಕರೆಯುವ ಹಾಗೆ.

ಮನೆಯವರಿಗೆ ಗೊತ್ತಿದ್ದ ಕಥೆ

ಕಥೆ ಚಿಕ್ಕದು, ಚೊಕ್ಕವಾಗಿತ್ತು. ಅಜ್ಜ ಪೂರ್ವದ ಗುಡ್ಡದ ಕಡೆಯ ಹಳ್ಳಿಯವರು. ಮನೆಯಲ್ಲಿ ಬಡತನ. ಚಾಲಗೇಣಿಯ ಸ್ವಲ್ಪ ಗದ್ದೆ, ವರ್ಷ ವರ್ಷ ಒಡೆಯರ ಮರ್ಜಿ. ಹುಡುಗ ತಲೆ ಮೇಲೆ ಬಟ್ಟೆಯ ಗಂಟು ಹೊತ್ತು ಮನೆ ಮನೆ ಸುತ್ತಿದ. ಬರಿಗೈಯಲ್ಲಿ ಪೇಟೆಗೆ ಬಂದ. ಸ್ವಾತಂತ್ರ್ಯ ಬಂದ ವರ್ಷ ಅಂಗಡಿ ಹಾಕಿದ. ಒಬ್ಬ ಪಾಲುದಾರ ಇದ್ದ, ಅವನು ಮೋಸ ಮಾಡಿ ಹೋದ. ಅಜ್ಜ ಎದೆಗುಂದಲಿಲ್ಲ. ಅಂಗಡಿ ಬೆಳೆಯಿತು.

ಇದನ್ನು ಸಾವಿರ ಸಲ ಹೇಳಿದ್ದಾರೆ. ಮಕ್ಕಳ ಮದುವೆಯಲ್ಲಿ ಹೇಳಿದ್ದಾರೆ, ನೌಕರರಿಗೆ ದೀಪಾವಳಿ ಬೋನಸ್ ಕೊಡುವಾಗ ಹೇಳಿದ್ದಾರೆ. ಪುಸ್ತಕಕ್ಕೂ ಇದನ್ನೇ ಸ್ವಲ್ಪ ಉದ್ದ ಮಾಡಿ ಬರೆದರೆ ಸಾಕು ಎಂಬುದು ದೊಡ್ಡಪ್ಪನವರ ಅಭಿಪ್ರಾಯ. ಅವರು ಅಜ್ಜನ ಹಿರಿಯ ಮಗ. ಈಗಲೂ ದಿನಾ ಬೆಳಿಗ್ಗೆ ಅಂಗಡಿಗೆ ಬಂದು ದೀಪ ಹಚ್ಚುವವರು.

ತೊಡಕು ಎಲ್ಲಿ ಬಂತು

ಮೊದಲು ಮೊಮ್ಮಗಳು ಕುಟುಂಬದ ವಾಟ್ಸಾಪ್ ಗುಂಪಿಗೆ ಪ್ರಶ್ನೆಗಳ ಪಟ್ಟಿ ಹಾಕಿದರು. ಅಜ್ಜ ಹುಟ್ಟಿದ್ದು ಯಾವಾಗ, ಒಡಹುಟ್ಟಿದವರು ಎಷ್ಟು, ಅಂಗಡಿ ಮೊದಲು ಎಲ್ಲಿತ್ತು. ಒಂದೊಂದು ಪ್ರಶ್ನೆಗೆ ನಾಲ್ಕು ಉತ್ತರ ಬಂತು. ಅಂಗಡಿಯ ಮೊದಲ ಕೋಣೆ ಯಾವುದು ಎಂಬುದರಲ್ಲಿ ಎರಡು ಮನೆಯವರಿಗೆ ಸಿಟ್ಟೇ ಬಂತು. ಪಟ್ಟಿಯನ್ನು ಅಲ್ಲಿಗೇ ಬಿಟ್ಟೆವು.

ಆಮೇಲೆ ಹಿರಿಯರನ್ನೆಲ್ಲ ಒಂದೇ ಕಡೆ ಕೂರಿಸಿ ಮಾತಾಡಿಸಿದೆವು. ಅದರಲ್ಲೂ ಹೊಸದು ಏನೂ ಬರಲಿಲ್ಲ. ದೊಡ್ಡಪ್ಪ ಮಾತಾಡಿದರು, ಉಳಿದವರು ತಲೆಯಾಡಿಸಿದರು. ಅಜ್ಜನ ಹಿರಿಯ ಮಗಳೂ ಅಲ್ಲೇ ಇದ್ದರು. ಎಂಬತ್ತು ದಾಟಿದವರು. ಮಧ್ಯೆ ಒಂದು ಸಲ, “ಅತ್ತೆಯ ಬಳೆಯ ವಿಷಯ ಹೇಳುದಿಲ್ವಾ?” ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಚಹಾ ಬಂತು, ಮಾತು ಬೇರೆ ಕಡೆ ಹೋಯಿತು.

ಮೊಮ್ಮಗಳು ಆ ಒಂದು ಪ್ರಶ್ನೆಯನ್ನು ಬಿಡಲಿಲ್ಲ. ಮರುವಾರ ಆ ಹಿರಿಯ ಮಗಳ ಮನೆಗೇ ಹೋಗಿ, ಅಡುಗೆಮನೆಯಲ್ಲಿ ಕೂತು ಮಾತಾಡಿಸಿದೆವು. ಈ ಇಡೀ ಕೆಲಸಕ್ಕೆ ದಾರಿ ಸಿಕ್ಕಿದ್ದು ಅಲ್ಲಿ.

ಇಸವಿ ಕೇಳಿದರೆ ಅವರಿಗೆ ಹೇಳಲಾಗುತ್ತಿರಲಿಲ್ಲ. ಅದಕ್ಕೆ ನಾವು ಆ ಕಾಲದ ಅನ್ನ, ಬಟ್ಟೆ, ಮಳೆ ಬಗ್ಗೆ ಕೇಳಿದೆವು. “ಬರ್ಮಾ ಅಕ್ಕಿ ಬರುದು ನಿಂತ ಮೇಲೆ ಅತ್ತೆ ನಮ್ಮ ಮನೆಗೆ ಬಂದದ್ದು” ಎಂದರು. ಜಪಾನಿನವರು ರಂಗೂನು ಹಿಡಿದದ್ದು 1942ರ ಮಾರ್ಚಿನಲ್ಲಿ. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತು ಕರಾವಳಿಯಲ್ಲಿ ಅಕ್ಕಿಗೆ ಕಷ್ಟವಾಯಿತು. ಅಂದರೆ ಈ ಅತ್ತೆ, ಅಜ್ಜನ ಅಕ್ಕ, ಗಂಡನನ್ನು ಕಳಕೊಂಡು ತವರಿಗೆ ಬಂದದ್ದು ಅದರ ನಂತರ. “ಅಂಗಡಿ ಇಟ್ಟಾಗ ಬಟ್ಟೆಗೆ ಕಂಟ್ರೋಲು. ಅತ್ತೆಯ ಕೈಯಲ್ಲಿ ಬಳೆ ಇರಲಿಲ್ಲ. ಗಲ್ಲಾದ ಬೀಗದ ಕೈ ಇತ್ತು” ಎಂದೂ ಹೇಳಿದರು.

ಬಟ್ಟೆಗೆ ಸರಕಾರದ ಕಂಟ್ರೋಲ್ ಬಂದದ್ದು 1943ರಲ್ಲಿ. ಅದು ಯುದ್ಧ ಮುಗಿದ ಮೇಲೂ ಮುಂದುವರಿಯಿತು. ಹಾಗಾಗಿ ಇಷ್ಟರಿಂದಲೇ ಇಸವಿ ಹೇಳಲು ಆಗುವುದಿಲ್ಲ. ಆದರೆ ಮನೆಯ ವಂಶವೃಕ್ಷದಲ್ಲಿ ಈ ಅಕ್ಕ ಎಲ್ಲೂ ಇರಲಿಲ್ಲ. ಗಂಡು ಮಕ್ಕಳು, ಅವರ ಗಂಡು ಮಕ್ಕಳು ಎಂದು ಇಳಿದು ಬಂದಿದ್ದ ಪಟ್ಟಿ ಅದು. ಮಕ್ಕಳಿಲ್ಲದೆ ತೀರಿಹೋದ ವಿಧವೆಗೆ ಅದರಲ್ಲಿ ಜಾಗ ಇರಲಿಲ್ಲ.

ಅಟ್ಟದ ಕಿರ್ದಿ ಪುಸ್ತಕಗಳು

ಅಂಗಡಿಯ ಹಳೆಯ ಲೆಕ್ಕ ಎಲ್ಲಿದೆ ಎಂದು ಕೇಳಿದೆವು. ಬಿಸಾಡಿ ಆಗಿದೆ ಎಂದರು. ಹಳೆ ಮನೆಯ ಅಟ್ಟದಲ್ಲಿ, ಅಡಿಕೆ ತುಂಬುವ ಗೋಣಿಯೊಳಗೆ ಕಟ್ಟಿಟ್ಟದ್ದು ಸಿಕ್ಕಿತು. ಉದ್ದುದ್ದ ಪುಸ್ತಕಗಳು, ಕೆಂಪು ಬಟ್ಟೆಯ ಹೊದಿಕೆ. ಕೆಲವನ್ನು ಒರಲೆ ತಿಂದು ಜಾಲರಿ ಮಾಡಿತ್ತು. ಕೆಲವು ಪುಟ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿದ್ದವು. ಅಂಟಿದ್ದನ್ನು ಎಳೆದು ಬಿಡಿಸಲು ಹೋಗದೆ ನೆರಳಲ್ಲಿ ಒಣಗಲು ಬಿಟ್ಟೆವು. ಬಿಡಿಸಿಕೊಂಡ ಪುಟಗಳನ್ನು ಮಾತ್ರ ಕಿಟಕಿ ಬೆಳಕಲ್ಲಿ ಫೋನಿನಿಂದ ಫೋಟೋ ತೆಗೆದೆವು.

ಓದುವುದು ಯಾರು? ಮೊಮ್ಮಕ್ಕಳು ಕಲಿತದ್ದು ಮಲಯಾಳ, ಇಂಗ್ಲಿಷ್. ಕನ್ನಡ ಓದಬಲ್ಲವರಿಗೂ ಈ ಕೂಡಿಸಿ ಬರೆದ ಮೋಡಿ ಅಕ್ಷರ ಹಿಡಿತಕ್ಕೆ ಬರುವಂಥದ್ದಲ್ಲ. ಅಂಗಡಿಯಲ್ಲಿ 1958ರಿಂದ ಲೆಕ್ಕ ಬರೆಯುತ್ತಿದ್ದ ಗುಮಾಸ್ತರೊಬ್ಬರು ಇನ್ನೂ ಇದ್ದಾರೆ ಎಂದು ಆ ಹಿರಿಯ ಮಗಳೇ ನೆನಪು ಮಾಡಿದರು. ನಿವೃತ್ತರಾಗಿ ಮಗನ ಮನೆಯಲ್ಲಿದ್ದರು. ಅವರ ಹತ್ತಿರ ಪುಸ್ತಕ ತಕ್ಕೊಂಡು ಹೋದೆವು. ಕನ್ನಡಕ ಒರೆಸಿಕೊಂಡು, ಬೆರಳು ಸಾಲಿನ ಮೇಲೆ ಓಡಿಸುತ್ತಾ, ರೂಪಾಯಿ ಆಣೆ ಪೈ ಎಲ್ಲ ಕೂಡುತ್ತಾ ಗಟ್ಟಿಯಾಗಿ ಓದತೊಡಗಿದರು. ಒಂದು ಕಡೆ ಕೂಡಿದ್ದರಲ್ಲಿ ಎರಡು ಆಣೆ ವ್ಯತ್ಯಾಸ ಬಂತು. ಅದು ಸರಿ ಆಗುವವರೆಗೆ ಮುಂದಿನ ಪುಟಕ್ಕೆ ಹೋಗಲಿಲ್ಲ. ಇಂಥವರು ಇನ್ನೆಷ್ಟು ಜನ ಇದ್ದಾರು ನಮ್ಮ ಊರುಗಳಲ್ಲಿ? ಅವರಿರುವಾಗಲೇ ಇಂಥ ಪುಸ್ತಕಗಳನ್ನು ಓದಿಸಿಕೊಳ್ಳಬೇಕು.

ಮೊದಲ ಕಿರ್ದಿಯ ಮೊದಲ ಪುಟದ ತಲೆಯಲ್ಲಿ ಕುಂಕುಮದ ಗುರುತು, ಅದರ ಕೆಳಗೆ ‘ಪಾರ್ಥಿವ ಸಂವತ್ಸರದ ತುಲಾ ಮಾಸ’. ಇಸವಿ ಇಲ್ಲ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪಾರ್ಥಿವ ಬಂದದ್ದು 1885ರಲ್ಲಿ, 1945ರಲ್ಲಿ, 2005ರಲ್ಲಿ. ಇಲ್ಲಿ 1945 ಅಲ್ಲದೆ ಬೇರೆ ಆಗುವಂತಿಲ್ಲ. ತುಲಾ ಮಾಸ ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ. ದೀಪಾವಳಿಗೆ ಹೊಸ ಪುಸ್ತಕಕ್ಕೆ ಪೂಜೆ ಮಾಡಿ ಶುರು ಮಾಡಿದ್ದಾರೆ. ಬೋರ್ಡಿನ ಇಸವಿಗಿಂತ ಎರಡು ವರ್ಷ ಮೊದಲೇ ಅಂಗಡಿ ನಡೆಯುತ್ತಿತ್ತು.

ಅದೇ ಪುಟದ ಜಮಾ ಕಡೆ ಮೂರು ಸಾಲು. ಒಂದು, ಅಜ್ಜನ ಕೈಯಿಂದ ಬಂದ ಸಣ್ಣ ಮೊತ್ತ. ಎರಡನೆಯದು, ಅದರ ಹಲವು ಪಟ್ಟು, ‘ಅಕ್ಕನ ಬಾಬ್ತು, ಬಳೆ ಅಡವಿನಿಂದ’. ಮೂರನೆಯದು ನಗದು ಅಲ್ಲ, ಮಾಲು: ಒಬ್ಬ ಮುಸ್ಲಿಂ ವ್ಯಾಪಾರಿಯ ಹೆಸರಲ್ಲಿ ಬಟ್ಟೆಯ ಥಾನುಗಳು, ಗಜದ ಲೆಕ್ಕದಲ್ಲಿ. ಮುಂದಿನ ಪುಟಗಳಲ್ಲಿ ದಿನದ ಕೊನೆಗೆ ನಗದು ‘ಅಕ್ಕನ ಕೈಯಿಂದ’ ಜಮಾ ಆಗಿದೆ. ಒಂದು ದಿನ ಅಲ್ಲ, ಆ ಪುಸ್ತಕದ ಬಹುಪಾಲು ದಿನ. ಅಜ್ಜ ಹಳ್ಳಿ ಹಳ್ಳಿ ಸುತ್ತಿ ಬಟ್ಟೆ ಮಾರುತ್ತಿದ್ದಾಗ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದದ್ದು ಈ ಅಕ್ಕ. ಗುಮಾಸ್ತರು ಓದುವುದನ್ನು ನಿಲ್ಲಿಸಿ ಹೇಳಿದರು: “ನನಗೆ ಲೆಕ್ಕ ಕಲಿಸಿದ್ದು ಅವರೇ. ನೀವು ಯಾರೂ ಕೇಳಲಿಲ್ಲ ಇಷ್ಟು ದಿನ.”

ಮೋಸ ಮಾಡಿದವರು ಯಾರು

ಈಗ ಪಾಲುದಾರನ ವಿಷಯ. ಇವರನ್ನು ಸಾಹೇಬರು ಎನ್ನುತ್ತೇನೆ. ಮನೆಮಾತು ಮಲಯಾಳ, ಕಾಸರಗೋಡಿನಲ್ಲಿ ಮೊದಲೇ ಬಟ್ಟೆ ವ್ಯಾಪಾರ ಇದ್ದವರು. ಕಂಟ್ರೋಲ್ ಕಾಲದಲ್ಲಿ ಹೊಸಬನಿಗೆ ಬಟ್ಟೆ ಸಿಗುವುದು ಸುಲಭ ಇರಲಿಲ್ಲ. ಮೊದಲಿಂದ ವ್ಯಾಪಾರದಲ್ಲಿ ಇದ್ದವರ ಮೂಲಕವೇ ಮಾಲು ಬರಬೇಕು. ಅಜ್ಜನಿಗೆ ಹಳ್ಳಿಯ ಗಿರಾಕಿಗಳ ಪರಿಚಯ ಇತ್ತು, ಸಾಹೇಬರಿಗೆ ಮಾಲಿನ ದಾರಿ ಗೊತ್ತಿತ್ತು, ಅಕ್ಕನ ಹತ್ತಿರ ಬಂಗಾರ ಇತ್ತು. ಮೂರೂ ಸೇರಿದ್ದರಿಂದ ಅಂಗಡಿ ನಿಂತಿತು. ಇದರಲ್ಲಿ ಯಾವುದೊಂದನ್ನು ತೆಗೆದರೂ 1945ರಲ್ಲಿ ಆ ಅಂಗಡಿ ಆಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಮನೆಯ ಕಥೆಯಲ್ಲಿ ಅವರು ಗಲ್ಲಾದ ದುಡ್ಡು ಬಳಿದುಕೊಂಡು ಹೋದವರು. ಪುಸ್ತಕದಲ್ಲಿ ಅದನ್ನು ಹಾಗೇ ಹಾಕಬೇಕೆಂದು ದೊಡ್ಡಪ್ಪ ಹಟ ಹಿಡಿದರು. ಮೊಮ್ಮಗಳು ಒಂದೇ ಷರತ್ತು ಹಾಕಿದರು: ಒಬ್ಬರ ಮೇಲೆ ಕಳವಿನ ಮಾತು ಅಚ್ಚು ಹಾಕುವುದಾದರೆ ಕಾಗದ ತೋರಿಸಬೇಕು. ಹಾಗೆ ನಾವು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು.

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಮೇಲೆ ಕೇರಳ. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಹಾಗಾಗಿ ಒಂದೇ ಕುಟುಂಬದ ಕಾಗದಗಳು ಬೇರೆ ಬೇರೆ ಭಾಷೆಯಲ್ಲಿ, ಬೇರೆ ಬೇರೆ ಊರಿನ ಕಚೇರಿಗಳಲ್ಲಿ ಹಂಚಿಹೋಗಿರುತ್ತವೆ. ಜಿಲ್ಲಾ ಮಟ್ಟದ ಹಳೆಯ ಕಾಗದಕ್ಕೆ ಮಂಗಳೂರಿನ ಕಡೆಗೂ ನೋಡಬೇಕಾಗುತ್ತದೆ. ಆದರೆ ಆಸ್ತಿಗೆ ಸಂಬಂಧಿಸಿ ನೋಂದಣಿಯಾದ ಪತ್ರಗಳಿಗೆ ಒಂದು ಅನುಕೂಲ ಇದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ಪತ್ರಗಳು ಒಂದನೇ ಪುಸ್ತಕದಲ್ಲಿ ದಾಖಲಾಗುತ್ತವೆ. ಅದನ್ನು ಫೀಸು ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ತೆಗೆಸಬಹುದು. ಅದಕ್ಕೆ ಎರಡು ಸೂಚಿಗಳಿವೆ. ಒಂದರಲ್ಲಿ ಪತ್ರ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು. ಇನ್ನೊಂದರಲ್ಲಿ ಆಸ್ತಿಯ ವಿವರ. ಸಾಮಾನ್ಯವಾಗಿ ಜನ ಆಸ್ತಿ ಹಿಡಿದು ಹುಡುಕುತ್ತಾರೆ. ಕುಟುಂಬ ಚರಿತ್ರೆ ಬೇಕಾದವರು ಹೆಸರು ಹಿಡಿದು ಹುಡುಕಬೇಕು. ಅದೂ ಸ್ಥಾಪಕರ ಹೆಸರು ಒಂದೇ ಅಲ್ಲ, ಲೆಕ್ಕದ ಪುಸ್ತಕದಲ್ಲಿ ಸಿಕ್ಕ ಎಲ್ಲ ಹೆಸರು. ಒಂದೇ ಹೆಸರನ್ನು ನಾಲ್ಕು ರೀತಿ ಬರೆದಿರುತ್ತಾರೆ, ಮನೆ ಹೆಸರು ಕೆಲವೊಮ್ಮೆ ಹಿಂದೆ, ಕೆಲವೊಮ್ಮೆ ಮುಂದೆ. ತಾಳ್ಮೆ ಬೇಕು.

ಸಾಹೇಬರ ಹೆಸರಿನಲ್ಲಿ ಹುಡುಕಿದಾಗ ಎರಡು ಪತ್ರ ಸಿಕ್ಕಿದವು. 1949ರಲ್ಲಿ ಅಂಗಡಿಯ ಜಾಗವನ್ನು ಅಜ್ಜ ಮತ್ತು ಅವರು ಸೇರಿ ಕ್ರಯಕ್ಕೆ ತೆಗೆದುಕೊಂಡದ್ದು ಒಂದು. 1952ರಲ್ಲಿ ಸಾಹೇಬರು ತಮ್ಮ ಅರ್ಧ ಹಕ್ಕನ್ನು ಅಜ್ಜನಿಗೆ ಬಿಟ್ಟುಕೊಟ್ಟ ಬಿಡುಗಡೆ ಪತ್ರ ಇನ್ನೊಂದು. ಹಣ ಕಂತಿನಲ್ಲಿ ಪೂರ್ತಿ ಸಂದಿದೆ, ಇಬ್ಬರ ನಡುವೆ ಬಾಕಿ ಏನೂ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಇಬ್ಬರ ಸಹಿಯೂ ಇದೆ. ಸಾಕ್ಷಿ ಹಾಕಿದವರಲ್ಲಿ ಒಬ್ಬರು ಅಜ್ಜನ ಸ್ವಂತ ಭಾವ.

ಮೊಮ್ಮಗಳು ಈ ನಕಲು ಹಿಡಿದುಕೊಂಡು ಸಾಹೇಬರ ಮೊಮ್ಮಗನನ್ನು ಹುಡುಕಿಕೊಂಡು ಹೋದರು. ಹೋಗಬೇಕೋ ಬೇಡವೋ ಎಂದು ನಮ್ಮಲ್ಲೇ ಬಹಳ ಚರ್ಚೆ ಆಗಿತ್ತು. ಹೋದದ್ದು ಒಳ್ಳೆಯದಾಯಿತು. ಆ ಮನೆಯಲ್ಲಿ ಬೇರೆಯೇ ಕಥೆ ಇತ್ತು: ‘ನಮ್ಮ ಉಪ್ಪಾಪ್ಪ (ಅಜ್ಜ) ಕಟ್ಟಿದ ಅಂಗಡಿಯನ್ನು ಅವರು ನುಂಗಿದರು’ ಎಂದು. ಎಪ್ಪತ್ತು ವರ್ಷ ಎರಡು ಮನೆಯವರೂ ಒಬ್ಬರ ಮೇಲೊಬ್ಬರು ಮೋಸದ ಮಾತು ಹೇಳುತ್ತಾ ಬಂದಿದ್ದರು. ಒಂದೇ ಊರಿನಲ್ಲಿ, ಒಂದೇ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವವರು. ಆ ಒಂದು ಪತ್ರ ಎರಡೂ ಆರೋಪವನ್ನು ಸುಳ್ಳು ಮಾಡಿತು. ಸಾಹೇಬರ ಮೊಮ್ಮಗ ಪತ್ರವನ್ನು ಎರಡು ಸಲ ಓದಿಸಿಕೊಂಡು, “ಇದರ ಒಂದು ಕಾಪಿ ನಮಗೂ ಬೇಕು” ಎಂದರು. ಅಷ್ಟೇ ಕೇಳಿದ್ದು.

ಅಚ್ಚು ಹಾಕುವುದೋ ಬೇಡವೋ

ಕಷ್ಟದ ಭಾಗ ಶುರುವಾದದ್ದು ಇಲ್ಲಿಂದ. ದೊಡ್ಡಪ್ಪನವರಿಗೆ ಎರಡು ಹೆದರಿಕೆ. ಪಾಲುದಾರರ ಹೆಸರು ಹಾಕಿದರೆ ನಾಳೆ ಅವರ ವಾರಸುದಾರರು ಪಾಲು ಕೇಳಬಹುದು. ಅಕ್ಕನ ಬಳೆಯ ವಿಷಯ ಹಾಕಿದರೆ ಅಜ್ಜನ ಹೆಸರು ಸಣ್ಣದಾಗುತ್ತದೆ. “ಮನೆ ಒಳಗಿನ ಮಾತು ಊರಿಗೆ ಯಾಕಮ್ಮ?” ಎಂದು ಮೊಮ್ಮಗಳನ್ನು ಕೇಳಿದರು. ಅವರನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆ ಅಂಗಡಿಯನ್ನು ಇಷ್ಟು ವರ್ಷ ನಡೆಸಿದವರು ಅವರು.

ಮೊದಲನೆಯ ಹೆದರಿಕೆಗೆ ವಕೀಲರನ್ನು ಕೇಳಿದರು. ಹಣ ಪಡೆದು ನೋಂದಣಿ ಮಾಡಿಕೊಟ್ಟ ಬಿಡುಗಡೆ ಪತ್ರ ಇದೆ, ಅದನ್ನು ಮುಚ್ಚಿಡುವುದಕ್ಕಿಂತ ತೋರಿಸುವುದೇ ನಿಮಗೆ ರಕ್ಷಣೆ ಎಂದು ವಕೀಲರು ಹೇಳಿದರು. ಅದು ಅಲ್ಲಿಗೆ ಮುಗಿಯಿತು.

ಎರಡನೆಯದಕ್ಕೆ ವಕೀಲರ ಹತ್ತಿರ ಉತ್ತರ ಇರಲಿಲ್ಲ. ಆ ಹೊತ್ತಿಗೆ ನಾನು ಪ್ಯಾರಿಸ್ಸಿನ ಬಾನ್ ಮಾರ್ಷೆಯ ಕಥೆ ಹೇಳಿದೆ. ಡಿಪಾರ್ಟ್‌ಮೆಂಟ್ ಸ್ಟೋರ್ ಎಂದರೆ ಜಗತ್ತೇ ಮೊದಲು ಹೇಳುವ ಹೆಸರುಗಳಲ್ಲಿ ಅದೂ ಒಂದು. ಸ್ಥಾಪಕ ಅರಿಸ್ತೀದ್ ಬೂಸಿಕೋ ಎನ್ನುತ್ತಾರೆ. ಆದರೆ ಅಂಗಡಿ ಮೊದಲೇ ಇತ್ತು, ವಿಡೋ ಎಂಬವರದ್ದು. ಬೂಸಿಕೋ 1852ರಲ್ಲಿ ಪಾಲುದಾರನಾಗಿ ಸೇರಿದ. 1863ರಲ್ಲಿ ವಿಡೋ ತನ್ನ ಪಾಲು ಮಾರಿ ಹೊರಬಂದ. ಬೂಸಿಕೋ 1877ರಲ್ಲಿ ತೀರಿಕೊಂಡ, ಎರಡು ವರ್ಷಕ್ಕೆ ಮಗನೂ ಹೋದ. ಆಮೇಲೆ ಅಂಗಡಿಯನ್ನು ಕೈಗೆತ್ತಿಕೊಂಡದ್ದು ಹೆಂಡತಿ ಮಾರ್ಗರೀತ್. ಅವಳ ಹೆಸರು ಹೇಳಿದ್ದರಿಂದ ಬೂಸಿಕೋನ ಹೆಸರು ಸಣ್ಣದಾಗಲಿಲ್ಲ. ಮದ್ರಾಸಿನ ಸ್ಪೆನ್ಸರ್ ಅಂಗಡಿಯೂ ಹಾಗೆಯೇ. ಬೋರ್ಡಿನಲ್ಲಿ ಉಳಿದದ್ದು ಸ್ಪೆನ್ಸರ್ ಹೆಸರು, ಆರಂಭದಲ್ಲಿ ಚಾರ್ಲ್ಸ್ ಡ್ಯುರಾಂಟ್ ಕೂಡ ಇದ್ದ.

ದೊಡ್ಡಪ್ಪ ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಅವರ ಮನಸ್ಸು ತಿರುಗಿದ್ದು ಪ್ಯಾರಿಸ್ಸಿನಿಂದ ಅಲ್ಲ. ಅವರ ತಂಗಿ, ಅಂದರೆ ಅದೇ ಹಿರಿಯ ಮಗಳು, ಒಂದು ದಿನ ಅಂಗಡಿಗೇ ಬಂದು ಗಲ್ಲಾದ ಎದುರು ಕೂತರು. “ಅಣ್ಣ, ನಿನಗೆ ಜ್ವರ ಬಂದಾಗ ರಾತ್ರಿಯಿಡೀ ಕೂತದ್ದು ಅತ್ತೆ ಅಲ್ವಾ? ಅವರು ಒಂದು ಹೆಸರೂ ಇಲ್ಲದೆ ಹೋಗಬೇಕಾ?” ಎಂದರು. ಅಂಗಡಿಯ ಹುಡುಗರೆಲ್ಲ ಕೇಳಿಸಿಕೊಂಡರು. ಒಂದು ವಾರದ ಮೇಲೆ ದೊಡ್ಡಪ್ಪನೇ ಮೊಮ್ಮಗಳಿಗೆ ಫೋನು ಮಾಡಿ, ಅತ್ತೆಯ ವಿಷಯ ಹಾಕು, ಆದರೆ ಎಷ್ಟು ರೂಪಾಯಿ ಎಂಬುದು ಬೇಡ ಎಂದರು. ಅದಕ್ಕೆ ಎಲ್ಲರೂ ಒಪ್ಪಿದರು.

ಏನಾಯಿತು

ಪುಸ್ತಕ ಬಂದದ್ದು 75ನೇ ವರ್ಷದ ಕಾರ್ಯಕ್ರಮಕ್ಕೆ ತಡವಾಗಿ. ಮೊದಲ ಅಧ್ಯಾಯಕ್ಕೆ ಮೂವರ ಹೆಸರು. ವಂಶವೃಕ್ಷವನ್ನು ಹೊಸದಾಗಿ ಬರೆಸಿದರು, ಹೆಣ್ಣುಮಕ್ಕಳೂ ಅದರಲ್ಲಿ ಇದ್ದಾರೆ. ಸಾಹೇಬರ ಭಾಗವನ್ನು ಅಚ್ಚಿಗೆ ಮೊದಲು ಅವರ ಮೊಮ್ಮಗನಿಗೆ ಓದಿ ಹೇಳಿದೆವು. ಅವರು ಒಂದು ಸಾಲು ತೆಗೆಸಿದರು, ಒಂದು ಸಾಲು ಸೇರಿಸಿದರು. ಬಿಡುಗಡೆ ಕಾರ್ಯಕ್ರಮಕ್ಕೆ ಆ ಮನೆಯವರು ಬಂದರು, ಮುಂದಿನ ಸಾಲಲ್ಲೇ ಕೂತರು.

ಎಲ್ಲವೂ ಸರಿಹೋಯಿತು ಎಂದೇನೂ ಅಲ್ಲ. ಬೋರ್ಡಿನಲ್ಲಿ ಈಗಲೂ ‘1947ರಿಂದ’ ಎಂದೇ ಇದೆ. ಗಿರಾಕಿಗಳಿಗೆ ಅಭ್ಯಾಸವಾದದ್ದನ್ನು ಬದಲಿಸುವುದಿಲ್ಲ ಎಂದು ದೊಡ್ಡಪ್ಪ ಖಡಾಖಂಡಿತ ಹೇಳಿದರು. ಪುಸ್ತಕದಲ್ಲಿ ಕಿರ್ದಿಯ ಮೊದಲ ಪುಟದ ಫೋಟೋ ಇದೆ, ಪಾರ್ಥಿವ ಸಂವತ್ಸರ ಎಂದು ಓದಬಹುದು. ಕುಟುಂಬದ ಒಂದು ಕವಲಿನವರು ಕಾರ್ಯಕ್ರಮಕ್ಕೇ ಬರಲಿಲ್ಲ.

ಇದೇ ಕೆಲಸಕ್ಕೆ ಹೊರಡುವ ಬೇರೆ ಮನೆಯವರಿಗೆ ನಾನು ಒತ್ತಿ ಹೇಳುವುದು ಮೂರು ಮಾತು. ಹಿರಿಯರನ್ನು ಒಟ್ಟಿಗೆ ಕೂರಿಸಬೇಡಿ, ಒಬ್ಬೊಬ್ಬರನ್ನು ಅವರವರ ಜಾಗದಲ್ಲಿ ಮಾತಾಡಿಸಿ. ಅದರಲ್ಲೂ ಗುಂಪಿನಲ್ಲಿ ಮಾತಾಡದೆ ಕೂತವರನ್ನು ಮೊದಲು. ಅಂಗಡಿಯ ಕಾಗದವನ್ನು ಮನೆಯ ಕಾಗದಕ್ಕಿಂತ ಮೊದಲು ನೋಡಿ. ಹಣ ಕೊಟ್ಟವರ ಹೆಸರನ್ನು ಲೆಕ್ಕ ಬರೆಯುವವನು ಬಿಡುವುದಿಲ್ಲ, ವಂಶವೃಕ್ಷ ಬರೆಯುವವನು ಬಿಡಬಹುದು. ಇನ್ನೊಂದು, ಯಾರ ಮೇಲಾದರೂ ಆರೋಪ ಇದ್ದರೆ ಅವರ ಮನೆಯವರನ್ನು ಅಚ್ಚಿಗೆ ಮೊದಲು ಕಾಣಿ. ಆಮೇಲೆ ಹೋದರೆ ಕ್ಷಮೆ ಕೇಳಲು ಹೋದ ಹಾಗೆ ಆಗುತ್ತದೆ, ವಿಷಯ ತಿಳಿಯಲು ಹೋದ ಹಾಗೆ ಆಗುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಬಾಕಿ ಇದೆ. 1952ರಲ್ಲಿ ಸಾಹೇಬರ ಪಾಲಿಗೆ ಕೊಟ್ಟ ಹಣ ಎಲ್ಲಿಂದ ಬಂತು? ಆಗಿನ ವ್ಯಾಪಾರದ ಲಾಭ ನೋಡಿದರೆ ಅಷ್ಟು ಹಣ ಕೈಯಲ್ಲಿ ಇದ್ದ ಹಾಗೆ ಕಾಣುವುದಿಲ್ಲ. ಮತ್ತೆ ಅಕ್ಕನಿಂದಲೇ ಬಂತೋ, ಸಾಲ ಮಾಡಿದರೋ, ಊರಿನ ಜಾಗ ಏನಾದರೂ ಮಾರಿದರೋ, 1950ರಿಂದ 1952ರವರೆಗಿನ ಕಿರ್ದಿ ಸಿಕ್ಕಿದರೆ ಗೊತ್ತಾಗುತ್ತದೆ. ಅಟ್ಟದ ಗೋಣಿಯಲ್ಲಿ ಅವು ಇರಲಿಲ್ಲ. ಕಾರ್ಯಕ್ರಮಕ್ಕೆ ಬಾರದ ಆ ಕವಲಿನವರ ಮಂಗಳೂರಿನ ಮನೆಯಲ್ಲಿ ಇವೆ ಎಂದು ಗುಮಾಸ್ತರು ಹೇಳುತ್ತಾರೆ. ಮೊಮ್ಮಗಳು ಪತ್ರ ಬರೆದಿದ್ದಾರೆ. ಬರುವ ಬಿಸು ಹಬ್ಬಕ್ಕೆ ತಾವೇ ಹೋಗಿ ಕೇಳುವುದಾಗಿ ದೊಡ್ಡಪ್ಪ ಹೇಳಿದ್ದಾರೆ.